ಆಸ್ಪತ್ರೆಯ ಮುಂಬಾಗಿಲಲ್ಲಿ ನಿಂತ ಕಿರಿಯ ವೈದ್ಯರು

ಪತ್ರಿಕೆಯನ್ನು ನಡೆಯಿಸುವವರು ಪರರ ತಪ್ಪುಗಳನ್ನು ದಿನಂಪ್ರತಿ ಎತ್ತಿ ತೋರಿಸುವರು; ತಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾದ ಪ್ರಸಂಗ ಬಂದಾಗ ಅವರಿಗೆ ಶಾಯಿಯೂ ಕಾಗದವೂ ಒಮ್ಮೆಲೇ ತೀರಿಹೋಗುವುದುಂಟು. ಈ ಅಪವಾದವು ನಮಗೆ ತಟ್ಟದಿರಲೆಂದು ಇಂದು ಈ ಲೇಖನವನ್ನು ಬರೆಯುತ್ತಲಿದ್ದೇವೆ. ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎದೆನೋವೆಂದು ಬಂದ ಗೃಹಸ್ಥರೊಬ್ಬರು ರಾತ್ರಿಯ ವೇಳೆಯಲ್ಲಿ ಮರಣ ಹೊಂದಿದರು. ಕರ್ತವ್ಯದ ಮೇಲಿದ್ದ ಕಿರಿಯ ವೈದ್ಯನು ಅರ್ಧ ಗಂಟೆಯವರೆಗೆ ಏನನ್ನೂ ಮಾಡದೆ ನಿಂತಿದ್ದನೆಂದು ಮೃತರ ಕಡೆಯವರು ನಮಗೆ ತಿಳಿಸಿದರು. ನಾವು ಅದನ್ನು ನಂಬಿ, ಆ ವೈದ್ಯನನ್ನು ಒಂದು ಮಾತೂ ಕೇಳದೆ, ದಪ್ಪಕ್ಷರದ ತಲೆಬರಹವನ್ನಿಟ್ಟು ಪ್ರಕಟಿಸಿದೆವು. ಮರುದಿನ ಆಸ್ಪತ್ರೆಯ ಗಾಜುಗಳು ಒಡೆದವು. ಇಲಾಖೆಯ ವಿಚಾರಣೆಯಲ್ಲಿ ಆ ತರುಣನ ಕಡೆಗೆ ಯಾವ ದೋಷವೂ ಕಂಡುಬರಲಿಲ್ಲವೆಂಬ ಸಂಗತಿಯನ್ನು ನಾವು ಮೂರು ತಿಂಗಳ ತರುವಾಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲುಗಳಾಗಿ ಮುದ್ರಿಸಿದೆವು. ಅಷ್ಟರಲ್ಲಿ ಅವನು ಊರನ್ನು ಬಿಟ್ಟುಹೋಗಿದ್ದನು.

ಈ ವಿಷಯವು ನಮ್ಮ ಮನಸ್ಸನ್ನು ಅಷ್ಟಾಗಿ ಬಾಧಿಸಿರಲಿಲ್ಲವೆಂಬುದನ್ನೂ ಮರೆಮಾಚದೆ ಹೇಳತಕ್ಕುದು. ಕಳೆದ ತಿಂಗಳು ಒಂದು ರಾತ್ರಿ, ನಮ್ಮ ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವ ಬೈಂಡರನೊಬ್ಬನಿಗೆ ಮನೆಯ ಹಿತ್ತಲಲ್ಲಿ ಹಾವು ಕಚ್ಚಿತು. ಅವನ ಹೆಂಡತಿಯೂ ತಮ್ಮನೂ ನಮ್ಮ ಬಾಗಿಲನ್ನು ತಟ್ಟಿದರು. ನಾವೂ ಅವರೊಡನೆ ಹೊರಟು, ಬೇರೊಂದು ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗವನ್ನು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಸೇರಿ, ಬೆಳಗಾಗುವವರೆಗೂ ಅಲ್ಲಿಯ ಮರದ ಬೆಂಚಿನ ಮೇಲೆ ಕುಳಿತಿದ್ದೆವು. ಆ ಬೆಂಚು ನಮಗೆ ಕಲಿಸಿದ ಪಾಠವನ್ನು ಮೂವತ್ತು ವರ್ಷಗಳ ಸಂಪಾದಕ ವೃತ್ತಿಯು ಕಲಿಸಿರಲಿಲ್ಲ.

ಒಳಗೆ ಒಬ್ಬ ತರುಣಿಯು ವೈದ್ಯಳಾಗಿದ್ದಳು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಇದ್ದೀತು. ಅವಳು ರೋಗಿಯ ಕಾಲನ್ನು ನೋಡಿದಳು, ಎರಡು ಹಲ್ಲಿನ ಗುರುತುಗಳನ್ನು ಪರೀಕ್ಷಿಸಿದಳು, ಯಾರೋ ಬಿಗಿದಿದ್ದ ಹಗ್ಗವನ್ನು ಎಚ್ಚರಿಕೆಯಿಂದ ಸಡಿಲಿಸಿದಳು, ಕಣ್ಣುರೆಪ್ಪೆಗಳನ್ನು ಎತ್ತಲು ಹೇಳಿದಳು, ಉಸಿರನ್ನು ಎಣಿಸಿದಳು. ತರುವಾಯ ತೋಳಿನಿಂದ ಸ್ವಲ್ಪ ರಕ್ತವನ್ನು ತೆಗೆದು ಒಂದು ಗಾಜಿನ ನಳಿಗೆಯಲ್ಲಿ ಹಾಕಿ, ಅದನ್ನು ಮೇಜಿನ ಮೇಲಿನ ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ಗಡಿಯಾರವನ್ನು ನೋಡಿ ಮತ್ತೊಬ್ಬ ರೋಗಿಯ ಕಡೆಗೆ ನಡೆದಳು. ಐದು ನಿಮಿಷಗಳಾದವು, ಹತ್ತು ನಿಮಿಷಗಳಾದವು. ಬೈಂಡರನ ತಮ್ಮನು ಸಿಟ್ಟಾದನು. ನಾವೂ ಎದ್ದುನಿಂತು, ನಾವು ಯಾರೆಂಬುದನ್ನು ತಿಳಿಸಿ, ಹಾವಿನ ಮದ್ದನ್ನು ಕೂಡಲೇ ಚುಚ್ಚಬೇಕೆಂದು ತಾಕೀತು ಮಾಡಿದೆವು. ಅವಳು ನಮ್ಮ ಮುಖವನ್ನು ನೋಡಿ, “ಇನ್ನು ಹತ್ತು ನಿಮಿಷ ಆ ನಳಿಗೆಯನ್ನು ಯಾರೂ ಅಲುಗಾಡಿಸಬೇಡಿ” ಎಂದಷ್ಟೇ ಹೇಳಿದಳು.

ಅವಳು ಮಾಡುತ್ತಿದ್ದುದು ಏನೆಂಬುದನ್ನು ನಾವು ಅನಂತರ ತಿಳಿದುಕೊಂಡೆವು, ವಾಚಕರೂ ತಿಳಿಯತಕ್ಕುದಾಗಿದೆ. ನಮ್ಮ ದೇಶದಲ್ಲಿ ಹೆಚ್ಚಿನ ಪ್ರಾಣಹಾನಿಯನ್ನುಂಟುಮಾಡುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಮಂಡಲದ ಹಾವುಗಳ ವಿಷವು ರಕ್ತವು ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಆದುದರಿಂದ ಶುದ್ಧವಾದ, ಒಣಗಿದ ಗಾಜಿನ ನಳಿಗೆಯಲ್ಲಿ ರಕ್ತವನ್ನು ಇಪ್ಪತ್ತು ನಿಮಿಷ ಅಲುಗಾಡದಂತೆ ಇಟ್ಟು, ಆಮೇಲೆ ಮೆಲ್ಲಗೆ ಓರೆಮಾಡಿ ನೋಡುವರು. ಹೆಪ್ಪುಗಟ್ಟದೆ ಹರಿದರೆ ವಿಷವು ದೇಹದಲ್ಲಿ ವ್ಯಾಪಿಸಿದೆಯೆಂದು ನಿಶ್ಚಯ. ಕಚ್ಚಿದ ಹಾವೆಲ್ಲ ವಿಷವನ್ನು ಬಿಡುವುದಿಲ್ಲ. ವಿಷಹಾರಿ ಮದ್ದಾದರೋ ಕುದುರೆಯ ರಕ್ತದಿಂದ ತಯಾರಾದುದರಿಂದ ಕೆಲವರಿಗೆ ಅದರಿಂದಲೇ ಪ್ರಾಣಕ್ಕೆ ಅಪಾಯ ಬರಬಹುದು. ವಿಷದ ಲಕ್ಷಣವಿಲ್ಲದವನಿಗೆ ಅದನ್ನು ಕೊಡುವುದು ತಪ್ಪು. ಲಕ್ಷಣವಿದ್ದವನಿಗೆ ತಡಮಾಡುವುದು ಅದಕ್ಕಿಂತ ದೊಡ್ಡ ತಪ್ಪು. ಇಪ್ಪತ್ತು ನಿಮಿಷಗಳು ತುಂಬಿದೊಡನೆ ಅವಳು ಓಡಿಬಂದು ನಳಿಗೆಯನ್ನು ಓರೆಮಾಡಿದಳು. ರಕ್ತವು ನೀರಿನಂತೆ ಹರಿಯಿತು. ಮರುಕ್ಷಣವೇ ಹತ್ತು ಶೀಶೆಗಳ ಮದ್ದು ಸಿದ್ಧವಾಯಿತು. ವಿಪರೀತವಾದರೆ ಇರಲೆಂದು ಅಡ್ರಿನಲಿನ್ ತುಂಬಿದ ಸೂಜಿಯೂ ಪಕ್ಕದಲ್ಲಿ ಕುಳಿತಿತು. ನಾವು “ಏನನ್ನೂ ಮಾಡುತ್ತಿಲ್ಲ” ಎಂದು ತಿಳಿದ ಆ ಇಪ್ಪತ್ತು ನಿಮಿಷಗಳೇ ಚಿಕಿತ್ಸೆಯ ಮೊದಲನೆಯ ಭಾಗವಾಗಿದ್ದವು. ಕಳೆದ ವರ್ಷದ ನಮ್ಮ ದಪ್ಪಕ್ಷರದ ತಲೆಬರಹವು ಆಗ ನಮ್ಮ ಕಣ್ಣೆದುರಿಗೆ ಬಂದು ನಿಂತಿತು. ಆ ತರುಣನೂ ಅರ್ಧ ಗಂಟೆಯ ಕಾಲ ಏನನ್ನು ಮಾಡುತ್ತಿದ್ದನೆಂದು ನಾವು ಕೇಳಿದ್ದೆವೆ?

ಬೆಳಗಾಗುವುದರೊಳಗೆ ಆ ಬಾಗಿಲಿನಿಂದ ಬಂದವರು ನಾವು ಎಣಿಸಿದಷ್ಟರಲ್ಲಿ ನಲವತ್ತು ಮಂದಿಗೆ ಕಡಿಮೆಯಿರಲಿಲ್ಲ. ಮೋಟಾರು ಸೈಕಲ್ಲಿನಿಂದ ಬಿದ್ದ ಇಬ್ಬರು ಹುಡುಗರು, ಉಬ್ಬಸದ ಮುದುಕಿ, ಜ್ವರದಿಂದ ಸೆಟೆದುಕೊಂಡ ಮಗು, ಕುಡಿದು ಬಡಿದಾಡಿದವರು, ಎದೆಯನ್ನು ಹಿಡಿದುಕೊಂಡು ಬೆವರುತ್ತಿದ್ದ ಒಬ್ಬ ವರ್ತಕರು, ಸಾಲದ ಬಾಧೆಯಿಂದ ಬೆಳೆಗೆ ಸಿಂಪಡಿಸುವ ವಿಷವನ್ನು ಕುಡಿದ ಒಬ್ಬ ರೈತನು. ಈ ಕಡೆಯವನ ಚಿಕಿತ್ಸೆಯನ್ನು ನೋಡಿದವರಿಗೆ ವೈದ್ಯವೃತ್ತಿಯು ಎಂತಹ ಕೂಲಿಯೆಂಬುದು ತಿಳಿಯುತ್ತದೆ. ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕವು ಹೊಟ್ಟೆಗೆ ಹೋದರೆ ಬಾಯಿಯಿಂದಲೂ ಶ್ವಾಸನಾಳಗಳಿಂದಲೂ ನೀರು ಒಸರಿ, ಮನುಷ್ಯನು ತನ್ನ ಎದೆಯ ನೀರಿನಲ್ಲಿ ತಾನೇ ಮುಳುಗುತ್ತಾನೆ. ಇದಕ್ಕೆ ಅಟ್ರೋಪಿನ್ ಎಂಬ ಮದ್ದನ್ನು ಕೊಟ್ಟು, ಸುಮಾರು ಐದು ನಿಮಿಷಗಳಿಗೊಮ್ಮೆ ಎದೆಗೆ ನಳಿಗೆಯನ್ನಿಟ್ಟು ಆಲಿಸಿ, ಗುಣ ಕಾಣದಿದ್ದರೆ ಪ್ರಮಾಣವನ್ನು ಇಮ್ಮಡಿಸುತ್ತಾ ಹೋಗಬೇಕು. ಕಡಿಮೆಯಾದರೆ ವಿಷವು ಕೊಲ್ಲುತ್ತದೆ, ಹೆಚ್ಚಾದರೆ ಮದ್ದೇ ಬುದ್ಧಿಭ್ರಮಣೆಯನ್ನುಂಟುಮಾಡುತ್ತದೆ. ಮಂಚದ ಪಕ್ಕವನ್ನು ಬಿಟ್ಟು ಕದಲುವಂತಿಲ್ಲ. ಆದರೆ ಆ ಹೊತ್ತಿನಲ್ಲಿ ಮಂಚಗಳು ಒಂಬತ್ತು ತುಂಬಿದ್ದವು, ವೈದ್ಯಳು ಒಬ್ಬಳು, ಅವಳ ಕೈಕೆಳಗೆ ಇನ್ನೂ ಕಲಿಯುತ್ತಿದ್ದ ಇಬ್ಬರು ಹೌಸ್ ಸರ್ಜನ್ನರು, ಹಿರಿಯರು ಕರೆದರೆ ಬರುವಷ್ಟು ದೂರದಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ಇದರ ಮೇಲೆ, ಅಪಘಾತ, ಹೊಡೆದಾಟ, ವಿಷಪ್ರಾಶನಗಳ ಪ್ರಕರಣವೊಂದೊಂದಕ್ಕೂ ಪೊಲೀಸರಿಗೆ ತಿಳುವಳಿಕೆ, ಗಾಯದ ವಿವರ, ದಾಖಲೆಯ ಪುಸ್ತಕದಲ್ಲಿ ಬರವಣಿಗೆ. ಮುಂದೆ ಯಾವುದೋ ನ್ಯಾಯಾಲಯದಲ್ಲಿ ವಕೀಲರೊಬ್ಬರು ಆ ಬರವಣಿಗೆಯ ಒಂದೊಂದು ಅಕ್ಷರವನ್ನೂ ಹಿಡಿದು ಪ್ರಶ್ನಿಸುವರು.

ಅಲ್ಲಿ ಕುಳಿತವರಿಗೆಲ್ಲ ಅತಿಯಾಗಿ ಕೋಪವನ್ನು ತರುವ ಸಂಗತಿ ಒಂದುಂಟು: ಮೊದಲು ಬಂದವನನ್ನು ಬಿಟ್ಟು ಹಿಂದಿನಿಂದ ಬಂದವನನ್ನು ಒಳಗೆ ಕರೆಯುವುದು. ಕಾಲು ಮುರಿದು ಗಟ್ಟಿಯಾಗಿ ಕೂಗುತ್ತಿದ್ದ ಹುಡುಗನನ್ನು ದಾಟಿ, ಸದ್ದಿಲ್ಲದೆ ಮಲಗಿದ್ದ ಅವನ ಜೊತೆಗಾರನ ಬಳಿಗೆ ವೈದ್ಯಳು ಹೋದಾಗ ಕೂಗುವವನ ಬಂಧುಗಳು ಅವಳನ್ನು ಬೈದರು. ಆದರೆ ಕೂಗುವವನಿಗೆ ಉಸಿರು ಇದೆಯೆಂದು ಅವನ ಕೂಗೇ ಸಾರುತ್ತದೆ; ಸುಮ್ಮನಿರುವವನ ತಲೆಯೊಳಗೆ ರಕ್ತವು ತುಂಬುತ್ತಿರಬಹುದು, ಹಿಂದಕ್ಕೆ ಬಿದ್ದ ನಾಲಗೆಯು ಅವನ ಉಸಿರನ್ನು ತಡೆಯುತ್ತಿರಬಹುದು. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ ಎಂಬವನು, ಗಾಯಾಳುಗಳನ್ನು ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನೇ ನೋಡಿ ಉಪಚರಿಸತಕ್ಕದ್ದೆಂಬ ಕ್ರಮವನ್ನು ಯುದ್ಧಭೂಮಿಯಲ್ಲಿ ನಡೆಸಿದನು. ಗಾಯಾಳುಗಳನ್ನು ಬೇಗನೆ ಸಾಗಿಸುವ ಹಗುರವಾದ ಗಾಡಿಗಳನ್ನೂ ಅವನೇ ಏರ್ಪಡಿಸಿದನು. ಬೇರ್ಪಡಿಸಿ ಆರಿಸುವುದು ಎಂಬ ಅರ್ಥವುಳ್ಳ ಫ್ರೆಂಚ್ ಮಾತಿನಿಂದ ಹುಟ್ಟಿದ ‘ಟ್ರಯಾಜ್’ ಎಂಬ ಹೆಸರು ಈ ಕ್ರಮಕ್ಕೆ ನಿಂತಿದೆ. ಇಂದಿಗೂ ಕೆಂಪು, ಹಳದಿ, ಹಸುರು ಎಂಬ ಬಣ್ಣಗಳಿಂದ ರೋಗಿಗಳನ್ನು ವಿಂಗಡಿಸುವರು. ದೇವಸ್ಥಾನದ ಪಂಕ್ತಿಯಲ್ಲಿಯೂ ಕಚೇರಿಯ ಕಿಟಕಿಯಲ್ಲಿಯೂ ಶಿಫಾರಸಿನ ಬಲದಿಂದ ಮುಂದಕ್ಕೆ ಹೋಗುವ ಅಭ್ಯಾಸವುಳ್ಳ ನಮ್ಮಂಥವರಿಗೆ, ರೋಗದ ಭಾರವೊಂದನ್ನೇ ತೂಗುವ ಈ ತಕ್ಕಡಿಯು ಅನ್ಯಾಯದಂತೆ ತೋರುವುದು ಆಶ್ಚರ್ಯವಲ್ಲ. ಆ ರಾತ್ರಿ ನಾವೂ ನಮ್ಮ ಪತ್ರಿಕೆಯ ಹೆಸರನ್ನು ಆ ತಕ್ಕಡಿಯಲ್ಲಿ ಇಡಲು ಹೋಗಿದ್ದೆವು.

ಈ ಕಿರಿಯ ವೈದ್ಯರು ಯಾರು? ನಾಲ್ಕೂವರೆ ವರ್ಷಗಳ ವ್ಯಾಸಂಗವನ್ನು ಮುಗಿಸಿ, ಹನ್ನೆರಡು ತಿಂಗಳು ಕಡ್ಡಾಯವಾಗಿ ಎಲ್ಲ ವಿಭಾಗಗಳಲ್ಲಿ ಸುತ್ತುವವರು ಒಂದು ಬಗೆ. ಇವರನ್ನೇ ಜನರು ಹೌಸ್ ಸರ್ಜನ್ ಎನ್ನುವರು. ಆಮೇಲೆ ಸ್ನಾತಕೋತ್ತರ ಪದವಿಗಾಗಿ ಓದುತ್ತಾ, ಮೂರು ವರ್ಷಗಳ ಕಾಲ ಆಸ್ಪತ್ರೆಯಲ್ಲಿಯೇ ದುಡಿಯುವ ರೆಸಿಡೆಂಟರು ಎರಡನೆಯ ಬಗೆ. ವಿದ್ಯಾರ್ಥಿಗಳೆಂದರೆ ವಿದ್ಯಾರ್ಥಿಗಳು, ನೌಕರರೆಂದರೆ ನೌಕರರು; ಎರಡರ ಹೊರೆಯೂ ಅವರ ಮೇಲುಂಟು, ಎರಡರ ಅನುಕೂಲವೂ ಪೂರ್ಣವಾಗಿ ಇಲ್ಲ. ತುರ್ತುಚಿಕಿತ್ಸೆಯೆಂಬುದು ಒಂದು ಪ್ರತ್ಯೇಕ ಶಾಸ್ತ್ರವೆಂದು ನಮ್ಮ ದೇಶದ ವೈದ್ಯಕೀಯ ಪರಿಷತ್ತು ಒಪ್ಪಿದುದೇ 2009ರಲ್ಲಿ. ಅದಕ್ಕೆ ಮುಂಚೆ ‘ಕ್ಯಾಷುಯಲ್ಟಿ’ ಎಂದರೆ ಯಾರಿಗೂ ಸೇರದ ಕೋಣೆ. ಕಿರಿಯನು ಕುಳಿತು, ಬಂದವರನ್ನು ಅತ್ತಲೋ ಇತ್ತಲೋ ಕಳುಹುವ ಸುಂಕದಕಟ್ಟೆ. ಈಗ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೆಂದೇ ವಿಭಾಗಗಳು ತಲೆಯೆತ್ತಿವೆಯಾದರೂ, ಹಳೆಯ ಸುಂಕದಕಟ್ಟೆಯ ಭಾವನೆಯು ಇನ್ನೂ ಅಳಿದಿಲ್ಲ.

ಇವರ ಕೆಲಸದ ಹೊತ್ತಿನ ವಿಚಾರವು ಇನ್ನೂ ಗಂಭೀರವಾದುದು. ನಸುಕಿನ ನಾಲ್ಕು ಗಂಟೆಗೆ ಆ ವೈದ್ಯಳು ಒಂದು ಲೋಟ ಚಹವನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿದ್ದಾಗ, ಕರ್ತವ್ಯಕ್ಕೆ ಎಷ್ಟು ಹೊತ್ತಿಗೆ ಬಂದಿರೆಂದು ನಾವು ಕೇಳಿದೆವು. “ನಿನ್ನೆ ಬೆಳಿಗ್ಗೆ ಎಂಟಕ್ಕೆ” ಎಂದಳು. ಅಂದರೆ ಇಪ್ಪತ್ತು ಗಂಟೆಗಳಾಗಿದ್ದವು. ಮುಂದೆ ಬೆಳಗಿನ ಹೊರರೋಗಿಗಳ ಸರದಿಯೂ ಇತ್ತು. ಇದು ಯಾವ ನಿಯಮಕ್ಕೆ ಅನುಸಾರವಾದುದು? ಕೇಂದ್ರ ಸರ್ಕಾರವು 1992ರಲ್ಲಿಯೇ ಹೊರಡಿಸಿದ ರೆಸಿಡೆನ್ಸಿ ನಿರ್ದೇಶನದಲ್ಲಿ, ಒಂದೇಸಮನೆಯ ಕೆಲಸವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಳನ್ನೂ, ಕಿರಿಯ ರೆಸಿಡೆಂಟರ ದುಡಿಮೆಯು ವಾರಕ್ಕೆ 48 ಗಂಟೆಗಳನ್ನೂ ಮೀರಬಾರದೆಂದು ಬರೆದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಮಾಡಿದ ಸ್ನಾತಕೋತ್ತರ ನಿಯಮಾವಳಿಯು ‘ಸಮಂಜಸವಾದ’ ಕೆಲಸದ ಹೊತ್ತು, ವಾರಕ್ಕೊಂದು ಬಿಡುವು ಎಂದು ಹೇಳಿತು; ಆದರೆ ಸಮಂಜಸವೆಂದರೆ ಎಷ್ಟು ಗಂಟೆಗಳೆಂದು ಹೇಳಲಿಲ್ಲ. ವೈದ್ಯವಿದ್ಯಾರ್ಥಿಗಳ ಮನಃಸ್ವಾಸ್ಥ್ಯವನ್ನು ಕುರಿತು ಅದೇ ಆಯೋಗವು ನೇಮಿಸಿದ ಕಾರ್ಯಪಡೆಯು 2024ರಲ್ಲಿ, ವಾರಕ್ಕೆ 74 ಗಂಟೆಗಳನ್ನು ಮೀರದಿರಲಿ ಎಂದು ಸಲಹೆಮಾಡಿತು. 1992ರ 48, 2024ರ 74: ಮೂವತ್ತೆರಡು ವರ್ಷಗಳಲ್ಲಿ ನಮ್ಮ ಆದರ್ಶವು ಯಾವ ದಿಕ್ಕಿಗೆ ನಡೆಯಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಆ 74 ಗಂಟೆಗಳಾದರೂ ದೊರೆತರೆ ಸಾಕೆಂದು ಹಾರೈಸುವ ತರುಣರು ನಮ್ಮಲ್ಲಿದ್ದಾರೆಂಬುದು ಅದಕ್ಕಿಂತಲೂ ಶೋಚನೀಯ.

ನಿದ್ರೆಗೆಟ್ಟ ಮನುಷ್ಯನ ಬುದ್ಧಿಯು ಏನಾಗುತ್ತದೆಂಬುದು ಊಹೆಯ ಮಾತಲ್ಲ. ಹದಿನೇಳು ಗಂಟೆಗಳು ಎಡೆಬಿಡದೆ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆಯು ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರವಿರುವವನ ಸ್ಥಿತಿಗೆ ಸಮನಾಗುವುದೆಂದೂ, ಇಪ್ಪತ್ತನಾಲ್ಕು ಗಂಟೆಗಳಾದರೆ 0.10ರ ಸಮೀಪಕ್ಕೆ ಇಳಿಯುವುದೆಂದೂ 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ನಮ್ಮ ದೇಶದ ಮೋಟಾರು ಕಾನೂನು 0.03ಕ್ಕೆ ಮೀರಿದವನನ್ನು ಅಪರಾಧಿಯೆಂದು ಹಿಡಿಯುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ತೀವ್ರನಿಗಾ ಘಟಕಗಳ ಹೊಸ ವೈದ್ಯರನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಇಪ್ಪತ್ತನಾಲ್ಕು ಗಂಟೆಗಳಿಗೆ ಮೀರಿದ ಸರದಿಗಳ ಹಳೆಯ ಪದ್ಧತಿಯಲ್ಲಿ, ಸರದಿಗಳನ್ನು ಕಡಿಮೆ ಮಾಡಿದ ಪದ್ಧತಿಗಿಂತ ನೂರಕ್ಕೆ 36ರಷ್ಟು ಹೆಚ್ಚು ಗಂಭೀರವಾದ ತಪ್ಪುಗಳು ಕಂಡುಬಂದವು. ಕುಡಿದು ಲಾರಿಯನ್ನು ನಡೆಯಿಸಿದವನನ್ನು ಸೆರೆಗೆ ಕಳುಹುವ ಸಮಾಜವು, ಅದಕ್ಕಿಂತ ಮಂಕಾದ ಮನಸ್ಸಿನಿಂದ ಅಟ್ರೋಪಿನ್ನಿನ ಪ್ರಮಾಣವನ್ನು ಲೆಕ್ಕಮಾಡೆಂದು ತನ್ನ ವೈದ್ಯರಿಗೆ ತಾನೇ ಅಪ್ಪಣೆಕೊಡುವುದು ಎಂತಹ ವಿವೇಕ?

ಈ ಸಂಬಂಧದಲ್ಲಿ ನ್ಯೂಯಾರ್ಕಿನ ಒಂದು ವೃತ್ತಾಂತವು ಸ್ಮರಣೀಯವಾಗಿದೆ. 1984ರ ಮಾರ್ಚಿ ತಿಂಗಳಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟು ವರ್ಷದ ಹುಡುಗಿಯು ಜ್ವರದಿಂದ ಅಲ್ಲಿಯ ಆಸ್ಪತ್ರೆಯೊಂದನ್ನು ಸೇರಿ ಮರುದಿನ ಬೆಳಗಾಗುವುದರೊಳಗೆ ತೀರಿಕೊಂಡಳು. ರಾತ್ರಿ ಅವಳನ್ನು ನೋಡಿಕೊಂಡವರು ದೀರ್ಘಾವಧಿಯ ಸರದಿಯಲ್ಲಿದ್ದ ಕಿರಿಯ ವೈದ್ಯರು. ಹುಡುಗಿಯ ತಂದೆಯು ವಕೀಲನೂ ಹೌದು, ಪತ್ರಿಕಾಕರ್ತನೂ ಹೌದು. ಅವನು ವೈದ್ಯರ ಮೇಲೆ ಕೋಪಗೊಂಡನೆಂಬುದು ನಿಜ. ಆದರೆ ಅಷ್ಟಕ್ಕೇ ನಿಲ್ಲದೆ, ಇಂತಹ ಸರದಿಯನ್ನು ಏರ್ಪಡಿಸಿದವರು ಯಾರೆಂಬ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನಟ್ಟಿದನು. ಅದರ ಫಲವಾಗಿ ವಿಚಾರಣಾ ಮಂಡಲಿಯು ಕುಳಿತು, 1989ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ವಾರಕ್ಕೆ 80 ಗಂಟೆ, ಒಂದೇಸಮನೆ 24 ಗಂಟೆ ಎಂಬ ಮಿತಿಯನ್ನು ವಿಧಿಸಿತು. 2003ರಲ್ಲಿ ಆ 80 ಗಂಟೆಗಳ ಮಿತಿಯು ದೇಶಕ್ಕೆಲ್ಲ ಹಬ್ಬಿತು. ಒಬ್ಬ ಪತ್ರಿಕಾಕರ್ತನು ತನ್ನ ಸ್ವಂತ ಮಗಳನ್ನು ಕಳೆದುಕೊಂಡು ಕೇಳಿದ ಪ್ರಶ್ನೆಯನ್ನು, ಏನನ್ನೂ ಕಳೆದುಕೊಳ್ಳದ ನಾವು ಕೇಳಲಿಲ್ಲ. ನಾವು ತಲೆಬರಹದ ಅಕ್ಷರಗಳನ್ನು ದಪ್ಪಮಾಡುವುದರಲ್ಲಿ ತೃಪ್ತರಾದೆವು.

ಇನ್ನು ರೋಗಿಗಳ ಹಕ್ಕಿನ ವಿಚಾರ. ರಸ್ತೆಯಲ್ಲಿ ಬಿದ್ದ ಒಬ್ಬ ಸ್ಕೂಟರ್ ಸವಾರನನ್ನು, ಪೊಲೀಸ್ ಪ್ರಕರಣಗಳು ತಮಗೆ ಸಲ್ಲವೆಂದು ಒಂದು ಆಸ್ಪತ್ರೆಯವರು ದೂರದ ಮತ್ತೊಂದಕ್ಕೆ ಕಳುಹಿಸಿ, ಅವನು ದಾರಿಯಲ್ಲಿಯೇ ಸತ್ತ ಸಂಗತಿಯು ಪರಮಾನಂದ ಕಟಾರಾ ಎಂಬವರ ಅರ್ಜಿಯಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಾಣವನ್ನುಳಿಸುವುದೇ ವೈದ್ಯನ ಮೊದಲನೆಯ ಕರ್ತವ್ಯ, ಕಾಗದಪತ್ರಗಳು ಅನಂತರ ಎಂದು ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. 1992ರಲ್ಲಿ ಬಂಗಾಳದಲ್ಲಿ ರೈಲುಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಹಿಂದಿರುಗಿಸಿದುವು. ತುರ್ತು ಚಿಕಿತ್ಸೆಯನ್ನು ಕೊಡದಿರುವುದು ಜೀವಿಸುವ ಹಕ್ಕಿನ ಭಂಗವೆಂದೂ, ಹಣವಿಲ್ಲವೆಂಬ ನೆವವು ಸರ್ಕಾರಕ್ಕೆ ಸಲ್ಲದೆಂದೂ 1996ರಲ್ಲಿ ಅದೇ ನ್ಯಾಯಾಲಯವು ಹೇಳಿತು. ನಮ್ಮ ಕರ್ನಾಟಕದಲ್ಲಿ 2008ರಿಂದ 108 ಆಂಬುಲೆನ್ಸುಗಳು ಓಡುತ್ತಿವೆ. ಗಾಯಾಳುವಿಗೆ ನೆರವಾದ ದಾರಿಹೋಕನನ್ನು ಪೀಡಿಸಬಾರದೆಂದು 2016ರಲ್ಲಿ ನಮ್ಮ ಶಾಸನಸಭೆಯು ಮಸೂದೆಯನ್ನು ಮಾಡಿತು. ಹಾವು ಕಚ್ಚಿದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿಮಾಡಬೇಕೆಂದು 2024ರಲ್ಲಿ ನಮ್ಮ ಸರ್ಕಾರವು ಗೊತ್ತುಮಾಡಿತು. ಇವೆಲ್ಲವೂ ಶ್ಲಾಘನೀಯವೇ ಸರಿ. ಆದರೆ ಇವೆಲ್ಲವುಗಳ ಪರಿಣಾಮವೇನು? ರೋಗಿಯು ಮೊದಲಿಗಿಂತ ಬೇಗನೆ, ಮೊದಲಿಗಿಂತ ಹೆಚ್ಚು ಸಂಖ್ಯೆಯಲ್ಲಿ, ಅದೇ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿ ನಿಂತಿರುವವಳು ಮಾತ್ರ ಅದೇ ಒಬ್ಬಳು. ನ್ಯಾಯಾಲಯಗಳು ಕೊಟ್ಟ ಹಕ್ಕನ್ನು ಖಜಾನೆಯು ಹೊರಬೇಕಾಗಿತ್ತು. ಅದನ್ನು ಹೊರುತ್ತಿರುವುದು ಕಿರಿಯ ವೈದ್ಯರ ಹೆಗಲು.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ನಡೆಯುತ್ತದೆ. ಹಾಸಿಗೆ ಸಾಲದಿದ್ದರೆ, ಸ್ಕ್ಯಾನ್ ಯಂತ್ರವು ಕೆಟ್ಟಿದ್ದರೆ, ಮದ್ದನ್ನು ಹೊರಗಿನಿಂದ ತರಬೇಕಾಗಿದ್ದರೆ, ಅದಕ್ಕೆ ಹೊಣೆಯಾದ ಅಧಿಕಾರಿಯೂ ಮಂತ್ರಿಯೂ ರಾತ್ರಿ ಎರಡು ಗಂಟೆಗೆ ಕೈಗೆ ಸಿಕ್ಕುವವರಲ್ಲ. ಸಿಕ್ಕುವವಳು ಬಿಳಿಯ ಅಂಗಿಯ ಆ ಹುಡುಗಿ. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲಿಯೇ ಕಾನೂನಾಗಿದೆ. ಅದರ ಹಲಗೆಯು ಗೋಡೆಯ ಮೇಲೆ ತೂಗುತ್ತಿತ್ತು, ಅದರ ಕೆಳಗೆಯೇ ಬೈಗುಳಗಳು ನಡೆಯುತ್ತಿದ್ದವು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘವಾದ ಸರದಿಯ ನಡುವೆ ಮಲಗಲು ಬೇರೆ ಸ್ಥಳವಿಲ್ಲದೆ ಸಭಾಕೋಣೆಯಲ್ಲಿ ಒರಗಿದ್ದ ಒಬ್ಬ ತರುಣ ವೈದ್ಯೆಯು ಅತ್ಯಾಚಾರಕ್ಕೂ ಕೊಲೆಗೂ ಗುರಿಯಾದುದನ್ನು ದೇಶವು ಮರೆಯಲಾರದು. ಸುಪ್ರೀಂ ಕೋರ್ಟು ತಾನಾಗಿ ವಿಚಾರಣೆಯನ್ನು ಕೈಕೊಂಡು, ವೈದ್ಯರ ರಕ್ಷಣೆಯ ಬಗೆಗೆ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು; ಅಪರಾಧಿಗೆ 2025ರ ಜನವರಿಯಲ್ಲಿ ಆಜೀವ ಶಿಕ್ಷೆಯಾಯಿತು. ದಂಡನೆಯು ನ್ಯಾಯಾಲಯದ ಕೆಲಸ. ಆದರೆ ಮೂವತ್ತು ಗಂಟೆಗಳು ದುಡಿಯುವವಳಿಗೆ ಬೀಗವಿರುವ ಒಂದು ಕೋಣೆಯನ್ನು ಕೊಡುವುದು ಯಾವ ನ್ಯಾಯಾಲಯದ ಅಪ್ಪಣೆಗೂ ಕಾಯತಕ್ಕ ವಿಷಯವಾಗಿರಲಿಲ್ಲ.

ನಾವು ವೈದ್ಯರ ಪಕ್ಷದ ವಕಾಲತ್ತನ್ನು ವಹಿಸಿದ್ದೇವೆಂದು ಕೆಲವರು ಆಕ್ಷೇಪಿಸಬಹುದು. ಅಲಕ್ಷ್ಯದಿಂದ ರೋಗಿಗಳನ್ನು ಕೊಂದ ವೈದ್ಯರಿಲ್ಲವೆ? ಉಂಟು. ಬಡವನನ್ನು ಗದರಿಸುವ, ಮುದುಕಿಯನ್ನು ಏಕವಚನದಲ್ಲಿ ಕೂಗುವ, ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಡದ ತರುಣರೂ ಉಂಟು. ಅಂಥವರನ್ನು ನಾವು ಆ ರಾತ್ರಿಯೂ ಕಂಡೆವು. ಹೌಸ್ ಸರ್ಜನ್ನರಲ್ಲೊಬ್ಬನು ರೈತನ ಹೆಂಡತಿಗೆ ಕೊಟ್ಟ ಉತ್ತರವು ಕಿವಿಗೆ ಹಿತವಾಗಿರಲಿಲ್ಲ. ದಣಿವು ಅದಕ್ಕೆ ಕಾರಣವಾಗಬಹುದು, ಸಮರ್ಥನೆಯಾಗಲಾರದು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತೀರ್ಮಾನದ ಸಣ್ಣ ಪ್ರಮಾದಕ್ಕೂ ಘೋರವಾದ ಅಲಕ್ಷ್ಯಕ್ಕೂ ಇರುವ ಭೇದವನ್ನು ಸ್ಪಷ್ಟಪಡಿಸಿ, ತಜ್ಞರ ನಿಷ್ಪಕ್ಷವಾದ ಅಭಿಪ್ರಾಯವಿಲ್ಲದೆ ವೈದ್ಯನನ್ನು ಅಪರಾಧಿಯ ಕಟಕಟೆಗೆ ಎಳೆಯಬಾರದೆಂದು ವಿಧಿಸಿತು. ನ್ಯಾಯಾಲಯಕ್ಕೆ ಇರಬೇಕಾದ ಆ ಸಂಯಮವು ಪತ್ರಿಕೆಗೆ ಬೇಡವೆ? ಇನ್ನು ಕೆಲವು ಹಿರಿಯ ವೈದ್ಯರು, ನಾವೂ ಹೀಗೆಯೇ ನಿದ್ರೆಗೆಟ್ಟು ಕಲಿತೆವು, ಇದರಿಂದಲೇ ಗಟ್ಟಿಯಾದೆವು ಎನ್ನುವರು. ಅವರ ಅನುಭವಕ್ಕೆ ನಮಸ್ಕಾರ. ಆದರೆ ಅವರು ಗಟ್ಟಿಯಾದ ರಾತ್ರಿಗಳಲ್ಲಿ ಅವರ ಕೈಯಲ್ಲಿ ಯಾರು ಯಾರು ಏನೇನಾದರೆಂಬುದನ್ನು ಯಾರೂ ಬರೆದಿಡಲಿಲ್ಲ. ಸರದಿಯನ್ನು ಗಿಡ್ಡಮಾಡಿದರೆ ಒಬ್ಬರಿಂದ ಮತ್ತೊಬ್ಬರಿಗೆ ರೋಗಿಯನ್ನು ಒಪ್ಪಿಸುವಾಗ ಸಂಗತಿಗಳು ಬಿಟ್ಟುಹೋಗುವುವೆಂಬ ಅವರ ಮಾತಿನಲ್ಲಿ ಮಾತ್ರ ಹುರುಳಿದೆ. ಅದಕ್ಕೆ ಮದ್ದು ಒಪ್ಪಿಸುವ ಕ್ರಮವನ್ನು ಬರೆದಿಟ್ಟು ಸರಿಪಡಿಸುವುದೇ ಹೊರತು, ಒಪ್ಪಿಸುವವನನ್ನು ನಿದ್ರೆಯಿಲ್ಲದೆ ನಿಲ್ಲಿಸುವುದಲ್ಲ.

ಆಗತಕ್ಕದ್ದು ಏನು? ಸರ್ಕಾರವು ಹೊಸ ನಿಯಮಗಳನ್ನು ಹುಡುಕಬೇಕಾಗಿಲ್ಲ. ಇರುವ ನಿಯಮಗಳನ್ನು ನಡೆಯಿಸಲಿ. ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯೂ ತನ್ನ ಕಿರಿಯ ವೈದ್ಯರ ಸರದಿಯ ಪಟ್ಟಿಯನ್ನು ತಿಂಗಳಿಗೊಮ್ಮೆ ಬಹಿರಂಗವಾಗಿ ತೂಗಹಾಕಲಿ. ಯಾರು ಎಷ್ಟು ಗಂಟೆ ನಿಂತರೆಂಬುದು ಊರಿಗೆ ತಿಳಿಯಲಿ. ರಾತ್ರಿಯಲ್ಲಿ ಹಿರಿಯ ವೈದ್ಯರೊಬ್ಬರು ಕರೆಗೆ ಕಾಯದೆ ವಿಭಾಗದಲ್ಲಿಯೇ ಇರಲಿ. ಬರವಣಿಗೆಯ ಕೆಲಸಕ್ಕೆ ಒಬ್ಬ ಗುಮಾಸ್ತನನ್ನೂ, ಬಂಧುಗಳಿಗೆ ಸಮಾಧಾನ ಹೇಳಲು ತಿಳಿದ ಒಬ್ಬರನ್ನೂ ನೇಮಿಸಿದರೆ ವೈದ್ಯರ ಎಷ್ಟೋ ಹೊತ್ತು ರೋಗಿಗೆ ಉಳಿಯುವುದು. ಮುಂಭಾಗಕ್ಕೆ ಹೊಳೆಯುವ ಕಲ್ಲನ್ನು ಹಾಸಿ ಒಳಗೆ ದಾದಿಯರನ್ನು ನೇಮಿಸದಿರುವುದು, ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ನಮ್ಮ ಪಾಠಶಾಲೆಯ ದಿನಗಳಲ್ಲಿ ಗುರುಗಳು ಚರಕಸಂಹಿತೆಯ ಒಂದು ವಿಚಾರವನ್ನು ಹೇಳುತ್ತಿದ್ದರು. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ದ್ರವ್ಯ, ಉಪಚಾರಕ, ರೋಗಿ. ನಾಲ್ಕೂ ಸರಿಯಾಗಿದ್ದರೆ ಮಾತ್ರ ರೋಗವು ಹಿಮ್ಮೆಟ್ಟುವುದು. ಒಳ್ಳೆಯ ರೋಗಿಯ ಲಕ್ಷಣಗಳಲ್ಲಿ, ಹೇಳಿದಂತೆ ಕೇಳುವುದು, ಹೆದರದಿರುವುದು, ತನ್ನ ಬಾಧೆಯನ್ನು ಸರಿಯಾಗಿ ತಿಳಿಸುವುದು ಎಂಬಿವನ್ನು ಎಣಿಸಿದ್ದಾರೆ. ನಮ್ಮ ತುರ್ತುಚಿಕಿತ್ಸಾ ವಿಭಾಗಗಳಲ್ಲಿ ದ್ರವ್ಯವು ಅರ್ಧ, ಉಪಚಾರಕರು ಕಾಲು ಪಾಲು. ರೋಗಿಯ ಸುತ್ತಲೂ ನಿಲ್ಲುವ ನಾವು ಹೆದರುತ್ತೇವೆ, ಹೇಳಿದಂತೆ ಕೇಳುವುದಿಲ್ಲ. ಮೂರು ಪಾದಗಳು ಕುಂಟುವ ಮಂಚವನ್ನು ನಾಲ್ಕನೆಯ ಪಾದವೊಂದೇ ಹೊತ್ತು ನಿಂತಿದೆ. ಅದು ನಡುಗಿದರೆ ನಾವು ಅದನ್ನೇ ಒದೆಯುತ್ತೇವೆ. ವಾಚಕ ಮಹಾಶಯರಲ್ಲಿ ಪ್ರಾರ್ಥನೆ ಇಷ್ಟೆ: ಆ ಬಾಗಿಲಿಗೆ ಹೋಗಬೇಕಾದಾಗ ರೋಗಿಯೊಡನೆ ಒಬ್ಬರೇ ಒಳಗೆ ಹೋಗಿ, ಕುಡಿದ ವಿಷದ ಡಬ್ಬಿಯನ್ನೋ ನಿತ್ಯ ನುಂಗುವ ಗುಳಿಗೆಗಳ ಚೀಟಿಯನ್ನೋ ಜೊತೆಗೆ ಒಯ್ಯಿರಿ, ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯುವುದು ಬೇಡ, ಅಂಗವನ್ನು ಅಲುಗಾಡಿಸದೆ ಕೂಡಲೇ ಕರೆತನ್ನಿ, ನಿಮ್ಮನ್ನು ಕಾಯಿಸಿದರೆ, ನಿಮಗಿಂತ ಸಾವಿಗೆ ಸಮೀಪನಾದವನು ಒಬ್ಬನು ಒಳಗಿದ್ದಾನೆಂದು ತಿಳಿಯಿರಿ.

ನಮ್ಮ ಬೈಂಡರನ ರಕ್ತವನ್ನು ಆರು ಗಂಟೆಗಳ ತರುವಾಯ ಮತ್ತೆ ಗಾಜಿನ ನಳಿಗೆಯಲ್ಲಿಟ್ಟರು. ಈ ಸಲ ಇಪ್ಪತ್ತು ನಿಮಿಷಗಳು ಮುಗಿಯುವವರೆಗೆ ನಾವು ಯಾರೂ ಮಾತಾಡಲಿಲ್ಲ. ನಳಿಗೆಯನ್ನು ಓರೆಮಾಡಿದಾಗ ರಕ್ತವು ಅಲುಗಲಿಲ್ಲ, ಹೆಪ್ಪುಗಟ್ಟಿತ್ತು. ಅವನು ಈಗ ಕೆಲಸಕ್ಕೆ ಬಂದಿದ್ದಾನೆ. ರೈತನು ಬದುಕಲಿಲ್ಲ. ಅವನ ಹೆಂಡತಿಗೆ ಆ ಸುದ್ದಿಯನ್ನು ಹೇಳಿದವಳೂ ಅದೇ ವೈದ್ಯಳು. ಹೇಳಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು, ಹೆಸರನ್ನು ಕೂಗಿದಾಗ ಎದ್ದುಹೋದಳು.

ಕಳೆದ ವರ್ಷ ನಾವು ದೂಷಿಸಿದ ಆ ತರುಣ ವೈದ್ಯನು ಈಗ ಎಲ್ಲಿದ್ದಾನೆಂದು ವಿಚಾರಿಸಿ, ಅವನಿಗೆ ಕ್ಷಮಾಪಣೆಯ ಪತ್ರವನ್ನು ಬರೆದಿದ್ದೇವೆ. ಆದರೆ ದೂಷಣೆಯು ಮುದ್ರಿತವಾದುದರಿಂದ ಕ್ಷಮಾಪಣೆಯೂ ಮುದ್ರಿತವಾಗತಕ್ಕದ್ದು ನ್ಯಾಯ. ಅಂದು ಬರೆದ ಮಾತನ್ನು ಇಂದು, ಅದೇ ಪತ್ರಿಕೆಯಲ್ಲಿ, ಅಗ್ರಲೇಖನದ ಸ್ಥಾನದಲ್ಲಿ, ಪೂರ್ಣವಾಗಿ ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಇನ್ನು ಮುಂದೆ ಆಸ್ಪತ್ರೆಯ ಮರಣವನ್ನು ಕುರಿತ ಯಾವ ದೂರನ್ನೂ, ಆ ಸರದಿಯಲ್ಲಿ ನಿಂತಿದ್ದವರನ್ನು ಕೇಳದೆಯೂ, ಅವರು ಎಷ್ಟು ಗಂಟೆಗಳಿಂದ ನಿಂತಿದ್ದರೆಂಬುದನ್ನು ವಿಚಾರಿಸದೆಯೂ ನಾವು ಪ್ರಕಟಿಸುವುದಿಲ್ಲ.